ಶೇಂಗಾ ತರಬಾರದ ಶಾಲೆಯ ಟೀಚರ್

ಅವರ ಎರಡೂ ಮಂಡಿಗಳು ಕಪ್ಪಾಗಿ, ದಡ್ಡುಗಟ್ಟಿ, ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಒರಟಾಗಿದ್ದವು. ಗೋಧಿ ಬಣ್ಣದ ಮೈ. ಅರವತ್ತರ ಹತ್ತಿರ ಬಂದಿದ್ದರೂ ಕೈ, ಕತ್ತು, ಮುಖ ಎಲ್ಲ ನಯವಾಗಿಯೇ ಇದ್ದವು. ಮಂಡಿ ಮಾತ್ರ ಬೇರೆ ಯಾರದೋ ತಂದು ಅಂಟಿಸಿದ ಹಾಗೆ. ಟೆಕ್ಸಾಸಿನ ಬಿಸಿಲಿಗೆ ಅವರು ಮಂಡಿ ಮುಟ್ಟುವ ಹತ್ತಿ ಸ್ಕರ್ಟು, ಮೇಲೆ ಖಣದ ಬಟ್ಟೆಯಲ್ಲಿ ಹೊಲಿಸಿದ ಅಂಗಿ ಹಾಕುತ್ತಿದ್ದರು. ಹಾಗಾಗಿ ಯಾರಿಗಾದರೂ ಅದು ಕಣ್ಣಿಗೆ ಬೀಳುತ್ತಿತ್ತು.

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿ ತುಂಬ ವಯಸ್ಸಾದ ಒಬ್ಬ ಸಿಸ್ಟರಿಗೆ ಪ್ರಾರ್ಥನೆ ಮಾಡಿ ಮಾಡಿಯೇ ಮಂಡಿ ಕಪ್ಪಾಗಿದೆ ಎಂದು ನಾವು ಹುಡುಗಿಯರು ಪಿಸುಗುಟ್ಟುತ್ತಿದ್ದೆವು. ಅದೇ ನೆನಪಿನಲ್ಲಿ, ಪರಿಚಯವಾದ ಮೊದಲ ವಾರವೇ ಇವರಿಗೂ ಹೇಳಿಬಿಟ್ಟೆ: "ನೀವು ತುಂಬ ದೈವಭಕ್ತರು ಅನ್ಸುತ್ತೆ ಆಂಟಿ."

ಅವರು ನಕ್ಕ ನಗೆಗೆ ಪಕ್ಕದ ಮನೆಯ ನಾಯಿ ಬೊಗಳಿತು. "ದೇವರಿಗೆ ಯಾವಾಗ ಮಂಡಿ ಊರೇನವಾ ನಾ! ಈ ಸಣ್ಣ ಸಣ್ಣ ಪಿಶಾಚಿಗಳಿಗೆ ಊರೇನಿ."

ಪಿಶಾಚಿಗಳೆಂದರೆ ಅವರ ಕಿಂಡರ್‌ಗಾರ್ಟನ್ ಮಕ್ಕಳು. ಅವರು ಧಾರವಾಡದ ಕಡೆಯವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಹ್ಯೂಸ್ಟನ್ ಬಳಿಯ ಶುಗರ್ ಲ್ಯಾಂಡಿನಲ್ಲಿ ಒಬ್ಬ ತಂಗಿ ಇದ್ದಳು. ನಾವು ಡಾಲಸ್ ಬಿಟ್ಟು ಆಸ್ಟಿನ್ ಕಡೆಗೆ ಶಿಫ್ಟ್ ಆದಾಗ ಲಿಯಾಂಡರ್ ಎಂಬ ಊರು ದಾಟಿ, ಇನ್ನೂ ದನ ಮೇಯುವ ಬಯಲು ಕಾಣುವಲ್ಲಿ ಮನೆ ತೆಗೆದುಕೊಂಡೆವು. ಅವರ ಮನೆ ನಮ್ಮಿಂದ ಎರಡು ಮನೆಯಾಚೆ. ಶಾಲೆಯ ಮಕ್ಕಳಿಗೆ ಅವರು ಬರೀ 'ಮಿಸ್'. ನಮ್ಮ ಕನ್ನಡದವರಿಗೆಲ್ಲ ಟೀಚರಾಂಟಿ.

ಮಕ್ಕಳ ಜೊತೆ ನಿಂತುಕೊಂಡು ಮಾತಾಡಿದ್ದನ್ನು ನಾನು ನೋಡೇ ಇಲ್ಲ. ಅಂಗಡಿಯಾಗಲಿ, ಪಾರ್ಕಿಂಗ್ ಲಾಟಾಗಲಿ, ಮಗು ಎದುರಾದರೆ ಲಟಕ್ಕೆಂದು ಮಂಡಿಯ ಸದ್ದು, ಟೀಚರಾಂಟಿ ನೆಲದ ಮೇಲೆ. ಒಂದು ಸಲ ನನ್ನ ಯಜಮಾನರು ಫೋನ್ ಹಿಡಿದುಕೊಂಡೇ ಮಗಳಿಗೆ ಏನೋ ಬುದ್ಧಿ ಹೇಳುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಇವರು ಬಿಡಬೇಕಲ್ಲ. "ಏನ್ರೀ ಸಾಹೇಬ್ರ, ಮ್ಯಾಲಿಂದ ಮಾತಾಡಿದ್ರ ಕೂಸಿಗೆ ಮಳಿ ಬಂದಂಗ ಆಗ್ತದ. ಅದು ಛತ್ರಿ ಬಿಚ್ಕೋತದ ಅಷ್ಟ. ಕೆಳಗ ಕುಂದರ್ರಿ." ನಮ್ಮ ಸಾಹೇಬರು ಬೆಂಗಳೂರಿನವರು, ಯಾರ ಮಾತೂ ಕೇಳುವವರಲ್ಲ. ಕುಳಿತರು.

ನನ್ನನ್ನೂ ಬಿಡುತ್ತಿರಲಿಲ್ಲ. "ನೀವು ಮೈಸೂರವರು ಬೈಯೂದಿದ್ರೂ ಬೆಣ್ಣಿ ಹಚ್ಚೇ ಬೈತೀರಿ ನೋಡವಾ. ಬೈಸ್ಕೊಂಡವಗ ಗೊತ್ತ ಆಗಂಗಿಲ್ಲ" ಎನ್ನುತ್ತಿದ್ದರು.

ಅವರಿಗಿದ್ದ ಒಂದೇ ದೊಡ್ಡ ಕಷ್ಟ ಶೇಂಗಾದ್ದು. ಕ್ಲಾಸಿನಲ್ಲಿ ಯಾವುದಾದರೂ ಒಂದು ಮಗುವಿಗೆ ಕಡಲೆಕಾಯಿ ಆಗದು, ತಾಗಿದರೆ ಉಸಿರೇ ಕಟ್ಟುತ್ತದೆ ಎಂದರೆ ಇಲ್ಲಿ ಆ ಕೋಣೆಗೆ ಕಡಲೆಕಾಯಿಯ ವಾಸನೆಯೂ ಸುಳಿಯಬಾರದು. ಪ್ರತಿ ವರ್ಷವೂ ಅಂಥ ಒಂದು ಮಗು ಇದ್ದೇ ಇರುತ್ತಿತ್ತು. ಧಾರವಾಡದ ಹೆಂಗಸು, ಶೇಂಗಾ ಚಟ್ನಿ ಇಲ್ಲದೆ ರೊಟ್ಟಿ ಇಳಿಯದವರು, ವಾರವಿಡೀ ಮನೆಯಲ್ಲೂ ಅದನ್ನು ಮುಟ್ಟುತ್ತಿರಲಿಲ್ಲ. ಬಟ್ಟೆಗೆ, ಉಗುರಿಗೆ ಪುಡಿ ಹತ್ತಿದರೆ ಎಂಬ ಭಯ. ಶುಕ್ರವಾರ ಸಂಜೆ ಮಾತ್ರ ಡಬ್ಬಿ ಹಿಡಿದು ನಮ್ಮ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ರೊಟ್ಟಿ ಮುರಿದು ಚಟ್ನಿಗೆ ಒತ್ತಿ, ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದರು. ಆಮೇಲೆ ನಮ್ಮ ಸಿಂಕಿನಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಳ್ಳುತ್ತಿದ್ದರು, ಡಾಕ್ಟರುಗಳ ಹಾಗೆ.

ನನ್ನ ಮಗಳು ಅವರ ಕ್ಲಾಸಿಗೇ ಸೇರಿದಳು. ಆ ವರ್ಷದ ಗೌರಿ ಹಬ್ಬಕ್ಕೆ ಮೈಸೂರಿನಿಂದ ಅಮ್ಮ ಬೆಳ್ಳಿ ಗೆಜ್ಜೆ ಕಳಿಸಿದ್ದರು. ಹಬ್ಬದ ದಿನವೂ ಶಾಲೆ. ಗೆಜ್ಜೆ ಹಾಕಿಯೇ ಕಳಿಸಿದೆ. ಅವಳು ಕಾಲು ಎತ್ತೆತ್ತಿ ಇಟ್ಟು ಘಲ್ ಘಲ್ ಎನಿಸಿಕೊಂಡು ಹೋದಳು. ನನ್ನಂಥ ತಾಯಿ ಬಿಟ್ಟರೆ ಆ ಊರಿನಲ್ಲಿ ಇನ್ಯಾರೂ ಅಂಥ ತಪ್ಪು ಮಾಡಿರಲಾರರು.

ಅವತ್ತು ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಇತ್ತು. ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂಬ ಅಭ್ಯಾಸ ಅದು. ಬಾಗಿಲಿಗೆ ಬೀಗ ಹಾಕಿ, ದೀಪ ಆರಿಸಿ, ಕಿಟಕಿಯಿಂದ ಕಾಣದ ಮೂಲೆಯಲ್ಲಿ ಐದು ವರ್ಷದ ಮಕ್ಕಳೆಲ್ಲ ಒಬ್ಬರಿಗೊಬ್ಬರು ಒತ್ತಿಕೊಂಡು, ಉಸಿರು ಬಿಗಿಹಿಡಿದು ಕೂರಬೇಕು. ಹೊರಗಿನಿಂದ ಯಾರೋ ಬಂದು ಬಾಗಿಲ ಹಿಡಿ ಅಲುಗಿಸಿ ನೋಡುತ್ತಾರೆ. ಆಗಲೂ ಸದ್ದು ಮಾಡಬಾರದು.

ಸಂಜೆ ಟೀಚರಾಂಟಿ ನಮ್ಮ ಮನೆಗೆ ಬಂದರು. ಕೂರಲಿಲ್ಲ. "ಅಷ್ಟೂ ಹೊತ್ತು ಇಕಿ ಪಾದ ಎರಡೂ ನನ್ನ ಮುಷ್ಟ್ಯಾಗ ಹಿಡ್ಕೊಂಡು ಕೂತಿದ್ದೆ" ಎಂದರು. "ಗುಬ್ಬಿ ಹಿಡಿದಂಗ ಇತ್ತವಾ. ಡಬಡಬ ಬಡ್ಕೋತಿತ್ತು." "ಗೆಜ್ಜಿ ಶಾಲಿಗೆ ಬ್ಯಾಡ. ಹಬ್ಬದ ದಿನಾ ಹೆಣ್ಣುಕೂಸಿನ ಕಾಲಾಗಿಂದು ಬಿಚ್ಚಸು ಅಂತ ಹೇಳೂದು ನನ್ನ ಬಾಯಿಲೇ ಬರ್ಬೇಕಾತಲ್ಲ" ಎಂದು ತಲೆ ಬೇರೆ ಕಡೆ ತಿರುಗಿಸಿದರು.

ಮಗಳು ನನ್ನ ಸೆರಗು ಎಳೆದು ಸಮಾಧಾನ ಹೇಳಿದಳು: "ಇಟ್ಸ್ ಓಕೆ ಅಮ್ಮಾ. ಐ ಕ್ಯಾನ್ ಬಿ ವೆರಿ ಕ್ವಯೆಟ್." ಕಾನ್ವೆಂಟಿನಲ್ಲಿ ನಮಗೆ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಲ್ಲುವುದು ಶಿಕ್ಷೆಯಾಗಿತ್ತು. ಇವಳು ಅದನ್ನು ಜಾಣತನವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಅದೇ ಶಾಲಾವರ್ಷ ಮುಗಿಯುವ ಹೊತ್ತಿಗೆ ಹ್ಯೂಸ್ಟನ್ ಕಡೆಯ ಒಂದು ಹೈಸ್ಕೂಲಿನಲ್ಲಿ ಗುಂಡು ಹಾರಿತು. ಮಕ್ಕಳು ಸತ್ತರು. ಶುಗರ್ ಲ್ಯಾಂಡಿನಿಂದ ತಂಗಿ ಅಳುತ್ತ ಫೋನ್ ಮಾಡಿದಳಂತೆ. ನಾನು ಹೋದಾಗ ಟೀಚರಾಂಟಿ ಟಿ.ವಿ.ಯ ಮುಂದೆ ನಿಂತೇ ಇದ್ದರು. ಪರದೆಯ ಮೇಲೆ ಒಬ್ಬರಾದ ಮೇಲೊಬ್ಬರು ನಾಯಕರು, ನೊಂದವರಿಗಾಗಿ ಪ್ರಾರ್ಥಿಸುತ್ತಿದ್ದೇವೆ ಎನ್ನುತ್ತಿದ್ದರು.

"ಪ್ರಾರ್ಥನಾ ಮಾಡ್ತಾರಂತ! ಎಲ್ಲಿ, ಮಂಡಿ ತೋರಸ್ರಿ ನೋಡೂಣು ಅನ್ನು ಅವರಿಗೆ" ಎಂದು ರಿಮೋಟನ್ನು ಸೋಫಾದ ಮೇಲೆ ಎಸೆದರು. ಅವರು ಏನನ್ನಾದರೂ ಎಸೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಬೇಸಿಗೆ ಊರೂರಲ್ಲಿ ಜನ ರಸ್ತೆಗೆ ಇಳಿದರು. ಜೋರಾಗಿ ಮಾತಾಡಿಯೇ ಗೊತ್ತಿಲ್ಲದ ನಾನೂ ರಟ್ಟಿನ ಹಲಗೆ ಹಿಡಿದು ಆಸ್ಟಿನ್ನಿನ ಶಾಸನಸಭೆಯ ಮುಂದೆ ನಿಂತೆ. ತಾಯಂದಿರು, ಹೈಸ್ಕೂಲು ಮಕ್ಕಳು, ವಯಸ್ಸಾದ ಟೀಚರುಗಳು ನಾಚಿಕೆಯಾಗಬೇಕು ನಿಮಗೆ ಎಂದು ಆ ಗುಲಾಬಿ ಕಲ್ಲಿನ ಕಟ್ಟಡದ ಕಡೆ ಕೂಗುತ್ತಿದ್ದರು. ಬಂದೂಕು ಸುಲಭವಾಗಿ ಸಿಗದ ಹಾಗೆ ಮಾಡಿ, ಮನೆಯಲ್ಲಿದ್ದರೆ ಬೀಗದಲ್ಲಿಡಿಸಿ. ಕೇಳಿದ್ದು ಇಷ್ಟೇ. ಟೆಕ್ಸಾಸಿನ ಶಾಸನಸಭೆ ಸೇರುವುದೇ ಎರಡು ವರ್ಷಕ್ಕೊಮ್ಮೆ, ಮುಂದಿನ ವರ್ಷದವರೆಗೆ ಕಾಯಬೇಕಾಯಿತು. ಸೇರಿದಾಗ ಅಲ್ಲಿಂದ ಬಂದ ಉತ್ತರ, ಇನ್ನೂ ಹೆಚ್ಚು ಶಾಲೆಗಳಲ್ಲಿ ಟೀಚರುಗಳ ಕೈಗೆ ಬಂದೂಕು ಕೊಡೋಣ ಎಂಬುದು.

ನಮ್ಮ ಶಾಲೆಯಲ್ಲೂ ಗುಸುಗುಸು ಎದ್ದಿತು. ಒಪ್ಪಿದ ಟೀಚರುಗಳು ತರಬೇತಿ ಪಡೆದು ಸೊಂಟದಲ್ಲಿ, ಬಟ್ಟೆಯ ಒಳಗೆ, ಸಣ್ಣ ಬಂದೂಕು ಇಟ್ಟುಕೊಳ್ಳಬಹುದು. ಯಾರ ಬಳಿ ಇದೆ ಎನ್ನುವುದು ತಾಯಿತಂದೆಯರಿಗೂ ತಿಳಿಯಬಾರದು, ಜೊತೆಯ ಟೀಚರುಗಳಿಗೂ ತಿಳಿಯಬಾರದು. ಹಾಗೇನಾದರೂ ಆದರೆ ಆ ಶಾಲೆಗೆ ಕಾಲಿಡುವುದಿಲ್ಲ ಎಂದರು ಟೀಚರಾಂಟಿ. ಇನ್ನೂ ಐದಾರು ವರ್ಷ ಪಾಠ ಮಾಡುವ ಆಸೆ ಅವರಿಗೆ ಇತ್ತು. ಬೇರೆ ಯಾವ ಆಸೆಯೂ ಇದ್ದಂತೆ ಕಾಣಲಿಲ್ಲ.

ಈ ಮಸೂದೆಯ ಬಗ್ಗೆ ಶಾಸನಸಭೆಯ ಸಮಿತಿಯ ಮುಂದೆ ಯಾರು ಬೇಕಾದರೂ ಹೋಗಿ ಮಾತಾಡಬಹುದು, ಆದರೆ ಎರಡೇ ನಿಮಿಷ. ಟೀಚರಾಂಟಿ ನಮ್ಮ ಅಡುಗೆಮನೆಯಲ್ಲಿ ಮೈಕ್ರೋವೇವಿನ ಟೈಮರ್ ಹಾಕಿ ಅಭ್ಯಾಸ ಮಾಡಿದರು. ಮೊದಲ ದಿನ ಅವರು ನಮಸ್ಕಾರ ಹೇಳಿ ಮುಗಿಸುವಷ್ಟರಲ್ಲಿ ಅದು ಕೀ ಕೀ ಎಂದಿತು. "ಧಾರವಾಡದಾಗ ಎರಡ ನಿಮಿಷದಾಗ ಬರೇ ಅರಾಮೇನ್ರಿ ಅಂತ ಕೇಳಿ ಮುಗಸ್ತೇವಿ" ಎಂದು ನಕ್ಕರು. ಆಮೇಲೆ ಒಂದೊಂದೇ ವಾಕ್ಯ ಕತ್ತರಿಸಿದರು.

ಅವರ ಜೊತೆ ನಾನೂ ಹೋದೆ. ಬಾಗಿಲಲ್ಲಿ ತಪಾಸಣೆ. ಕೈಚೀಲ, ಬೀಗದಕೈ, ಬಳೆ ಎಲ್ಲ ತೆಗೆದು ತಟ್ಟೆಗೆ ಹಾಕಿಕೊಂಡು ಉದ್ದನೆ ಸಾಲಿನಲ್ಲಿ ನಿಂತೆವು. ಪಕ್ಕದಲ್ಲಿ ಇನ್ನೊಂದು ಸಾಲು, ಅಲ್ಲಿ ಜನವೇ ಇಲ್ಲ. ಬಂದೂಕಿನ ಲೈಸೆನ್ಸ್ ಇರುವವರು ಅದನ್ನು ತೋರಿಸಿ ಸೀದಾ ಒಳಗೆ ಹೋಗುತ್ತಿದ್ದರು.

"ನೋಡವಾ, ಬಂದೂಕು ತಂದಿದ್ರ ಲಗೂನ ಒಳಗ ಹೋಗ್ತಿದ್ವಿ" ಎಂದರು.

ಸಭೆಯ ಕೋಣೆಗಳು ನೆಲದ ಕೆಳಗಿನ ಅಂತಸ್ತಿನಲ್ಲಿ. ಬೆಳಗ್ಗೆ ಹೋದವರು ಸಂಜೆಯವರೆಗೆ ಕಾದೆವು. ಗಟ್ಟಿ ಬೆನ್ನಿನ ಬೆಂಚು, ಏರ್ ಕಂಡೀಷನ್ನಿನ ಚಳಿ. ಹತ್ತಿರದಲ್ಲೇ ಒಬ್ಬ ತಾಯಿ ಮಗನ ಫೋಟೋವನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದಳು. ಅವಳು ಮಾತಾಡುವಾಗ ಸಮಿತಿಯ ಇಬ್ಬರು ಎದ್ದು ಕಾಫಿಗೆ ಹೋದರು. ಗಂಟೆ ಹೊಡೆದಾಗ ಅವಳ ಮಗನ ವಯಸ್ಸು ಹೇಳುವುದು ಉಳಿದೇ ಹೋಯಿತು.

ಟೀಚರಾಂಟಿಯ ಸರದಿ ಬಂತು. ಇಂಗ್ಲಿಷಿನಲ್ಲಿ ಅವರು ಹೇಳಿದ್ದರ ಸಾರ ಇಷ್ಟು: "ನಾನು ಐದು ವರ್ಷದ ಮಕ್ಕಳ ಟೀಚರ್. ನಮ್ಮೂರಲ್ಲಿ ಶೇಂಗಾ ಚಟ್ನಿ ಇಲ್ಲದೆ ಊಟವಿಲ್ಲ. ಆದರೆ ಒಂದು ಮಗುವಿಗೆ ಅಪಾಯವಾದೀತೆಂದು ಇಷ್ಟು ವರ್ಷ ಶಾಲೆಯ ವಾರವಿಡೀ ನಾನು ಅದನ್ನು ಬಿಟ್ಟಿದ್ದೇನೆ. ಶೇಂಗಾ ತಂದರೆ ನನ್ನ ಕೆಲಸ ಹೋಗುತ್ತದೆ. ಇನ್ನು ಮೇಲೆ ಬಂದೂಕು ತಂದರೆ ಹೋಗುವುದಿಲ್ಲ."

ಅಷ್ಟಕ್ಕೇ ಸಮಿತಿಯ ಅಧ್ಯಕ್ಷರ ಪೀಠದಿಂದ ನಗು. ಆಮೇಲೆ ಇಡೀ ಕೋಣೆಯಲ್ಲಿ ನಗು. ಕೆಟ್ಟ ನಗುವಲ್ಲ, ಮದುವೆ ಮನೆಯಲ್ಲಿ ಯಾರೋ ತಮಾಷೆ ಹೇಳಿದಾಗ ನಗುವ ಹಾಗೆ. ಅಧ್ಯಕ್ಷರು ಮುಂದಕ್ಕೆ ಬಾಗಿ, "ಮ್ಯಾಮ್, ಆ ಚಟ್ನಿಯ ರುಚಿ ನಾನೂ ಒಮ್ಮೆ ನೋಡಬೇಕು" ಎಂದರು. ಮತ್ತೆ ನಗು. ನಗುವಿನಲ್ಲೇ ಸಮಯ ಓಡುತ್ತಿತ್ತು.

ಟೀಚರಾಂಟಿ ನಗಲಿಲ್ಲ. ಮೈಕನ್ನು ಹತ್ತಿರ ಎಳೆದುಕೊಂಡರು. "ಐದು ವರ್ಷದ ಮಗು ಓಡಿ ಬಂದು ಟೀಚರನ್ನು ಅಪ್ಪಿಕೊಂಡರೆ ಅದರ ಹಣೆ ಸರಿಯಾಗಿ ಎಲ್ಲಿಗೆ ಬರುತ್ತದೆ, ನಿಮಗೆ ಗೊತ್ತೇ?" ಎನ್ನುತ್ತ ತಮ್ಮ ಸೊಂಟದ ಪಕ್ಕ ಅಂಗೈ ಇಟ್ಟು ತೋರಿಸಿದರು. "ಇಲ್ಲಿಗೆ. ನೀವು ಬಂದೂಕು ಇಡಿ ಅನ್ನುವ..."

ಗಂಟೆ ಹೊಡೆಯಿತು. ಥ್ಯಾಂಕ್ಯೂ ಮ್ಯಾಮ್. ಮುಂದಿನವರು.

ವಾಪಸು ಬರುವಾಗ ಕಾರಿನಲ್ಲಿ ನಾನೇ, "ತುಂಬ ಚೆನ್ನಾಗಿ ಹೇಳಿದ್ರಿ ಆಂಟಿ. ಎಲ್ಲರ ಗಮನ ನಿಮ್ಮ ಕಡೆಗೇ ಇತ್ತು" ಎಂದೆ.

"ನಕ್ಕರಲ್ಲವಾ" ಎಂದರು. "ಸಿಟ್ಟ ಮಾಡಿದ್ರ ಜಗಳಾ ಆಡ್ತಿದ್ದೆ. ಅತ್ತಿದ್ರ ಕಣ್ಣೀರು ಒರಸ್ತಿದ್ದೆ. ನಕ್ಕರ ಏನ ಮಾಡಬೇಕು?"



ಮಸೂದೆ ಪಾಸಾಯಿತು. ನಮ್ಮ ಶಾಲೆಯ ಮಂಡಳಿಯೂ ಅದಕ್ಕೆ ಒಪ್ಪಿ ಕೈ ಎತ್ತಿತು. ಪ್ರಿನ್ಸಿಪಾಲರು ಒಳ್ಳೆಯ ಹೆಂಗಸು. ಟೀಚರಾಂಟಿಯನ್ನು ಕರೆದು, ನೀವೇ ಬಂದೂಕು ಇಟ್ಟುಕೊಳ್ಳಬೇಕೆಂದು ಯಾರೂ ಹೇಳುತ್ತಿಲ್ಲವಲ್ಲ, ಕೆಲಸ ಬಿಡಬೇಡಿ ಎಂದು ಕೇಳಿಕೊಂಡರಂತೆ. "ಬಾಜೂ ಕ್ವಾಣ್ಯಾಗ ಇದ್ದೀತು ಅಂತ ಗೊತ್ತಿದ್ದು, ಹುಡುಗೂರಿಗೆ ಹೆದರಬ್ಯಾಡ್ರಿ ಅಂತ ಹ್ಯಾಂಗ ಸುಳ್ಳ ಹೇಳ್ಲಿ?" ಎಂದು ನನ್ನ ಹತ್ತಿರ ಹೇಳಿದರು. ಬೇಸಿಗೆ ರಜೆ ಶುರುವಾದ ದಿನ ಅವರ ಕ್ಲಾಸಿನ ಗೋಡೆಯಿಂದ ಮಕ್ಕಳ ಚಿತ್ರಗಳನ್ನು ಬಿಡಿಸಲು ನಾನೂ ಹೋಗಿದ್ದೆ. ಒಂದನ್ನೂ ಹರಿಯದ ಹಾಗೆ ಟೇಪನ್ನು ಉಗುರಿನಿಂದ ಎಬ್ಬಿಸುತ್ತಿದ್ದರು. ನಾನು ಹೊರಗೆ ಬಂದು ಬಿಸಿಲಲ್ಲಿ ನಿಂತು ಅತ್ತೆ. ಅವರು ಅಳಲಿಲ್ಲ.

ಮನೆಗೆ ಬೀಗ ಹಾಕಿ ಶುಗರ್ ಲ್ಯಾಂಡಿನ ತಂಗಿಯ ಹತ್ತಿರ ಹೋದರು. ರಜೆ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೃದಯದ ತೊಂದರೆ ಮೊದಲಿನಿಂದಲೂ ಇತ್ತು, ಅದಕ್ಕೇ ಹೀಗಾಯಿತು ಎಂದು ಡಾಕ್ಟರು ಹೇಳಿದರಂತೆ. ಅಂತ್ಯಸಂಸ್ಕಾರಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. "ಅಕ್ಕ ಇಲ್ಲಿ ಬಂದ ಮ್ಯಾಲೆ ದಿನಾ ಮುಂಜಾನೆ ಏಳಕ್ಕ ತಯಾರಾಗಿ ಕೂಡ್ತಿದ್ಲು. ಎಲ್ಲಿಗೆ ಹೊಂಟೀ ಅಂದ್ರ, ಎಲ್ಲಿಗೂ ಇಲ್ಲ ಅಂತಿದ್ಲು" ಎಂದಳು ತಂಗಿ.

ಅದೇ ಆಗಸ್ಟಿನಲ್ಲಿ, ಮಗಳಿಗಿಂತ ಎರಡು ವರ್ಷ ಚಿಕ್ಕವನಾದ ನನ್ನ ಮಗ ಕಿಂಡರ್‌ಗಾರ್ಟನ್ ಸೇರಿದ. ಅದೇ ಶಾಲೆ, ಅದೇ ಕೋಣೆ, ಹೊಸ ಟೀಚರ್. ಇಪ್ಪತ್ತೈದರ ಆಸುಪಾಸಿನ ನಗುಮುಖದ ಹುಡುಗಿ. ಉದ್ದನೆಯ ಸಡಿಲ ಅಂಗಿ ಹಾಕಿದ್ದಳು. ಅವಳ ಬಳಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಹಾಗೂ ಇಲ್ಲ, ಕೇಳಿದರೆ ಅವಳು ಹೇಳುವ ಹಾಗೂ ಇಲ್ಲ. ಕಾರಿಡಾರಿನಲ್ಲಿ ಮಗನನ್ನು ನಿಲ್ಲಿಸಿಕೊಂಡು, ಟೀಚರಾಂಟಿ ಕಲಿಸಿದ ಹಾಗೆ ನೆಲಕ್ಕೆ ಮಂಡಿ ಊರಿ, ಅವನ ಕಣ್ಣಿನ ಮಟ್ಟಕ್ಕೆ ಇಳಿದೆ.

"ಪುಟ್ಟಾ, ಟೀಚರನ್ನ ಅಪ್ಪಿಕೊಳ್ಳೋದು ಬೇಡ. ದೂರ ನಿಂತು ಕೈ ಕೊಡು, ಆಯ್ತಾ?"

"ವೈ?" ಎಂದ.

"ದೊಡ್ಡವನಾದೆಯಲ್ಲ" ಎಂದೆ.

ಅವನು ಆಯ್ತೆಂದು ತಲೆಯಾಡಿಸಿ, ಕೈಯನ್ನು ಆಗಲೇ ಮುಂದಕ್ಕೆ ಚಾಚಿಕೊಂಡು, ಒಳಗೆ ಹೋದ.