ಯಾರೂ ಕರೆಯದ ಸೈನ್ಯ

ನಮ್ಮ ಓಣಿಯ ಗಂಡಸರಿಗೆಲ್ಲ ರಾಕ್ಷಸರಾಗುವ ಹುಚ್ಚು. ಎಪ್ಪತ್ತರ ದಶಕದ ಕೊನೆಯಲ್ಲಿ, ಇಳಕಲ್ಲಿನ ನಮ್ಮ ನೇಕಾರರ ಓಣಿಯವರು ದೇವಿಯ ದೊಡ್ಡಾಟ ಆಡಬೇಕೆಂದು ಹೊರಟರು. ಶಿರೂರಿನಿಂದ ಬಂದ ಮಾಸ್ತರರು ಪಾತ್ರ ಹಂಚಲು ಕೂತರೆ ಒಬ್ಬನೂ ಮನುಷ್ಯನಾಗಲು ಒಪ್ಪಲಿಲ್ಲ. ರಾಕ್ಷಸನಿಗಾದರೆ ಕಿರೀಟ, ಭುಜಕೀರ್ತಿ, ಹಲಗೆ ಮುರಿಯುವಂಥ ಕುಣಿತ. ದೇವಿಯ ಪರವಾಗಿ ಕಾದಾಡಲು ಬರುವ ಊರ ಮಂದಿಗೆ ಏನಿದೆ? ಕೈಯಲ್ಲೊಂದು ಬಡಿಗೆ, ಬಾಯಲ್ಲೊಂದೇ ಮಾತು. ಕೊನೆಗೆ ರಾಕ್ಷಸರು ಹದಿನಾಲ್ಕು ಮಂದಿಯಾದರು, ಸೈನ್ಯಕ್ಕೆ ನರಪಿಳ್ಳೆಯೂ ಸಿಗಲಿಲ್ಲ.

ರಾಕ್ಷಸರ ರಾಜ ನಮ್ಮ ಮಾಲಕರು. ಅವರ ಮನೆಯ ಮಗ್ಗವೊಂದರಲ್ಲಿ ನನ್ನಪ್ಪ ಇಪ್ಪತ್ತು ವರ್ಷ ನೇಯ್ದಿದ್ದ. ಆ ವರ್ಷ ಅವನ ಕಣ್ಣು ಮಂಜಾಗಿ ಮನೆ ಹಿಡಿದ. ನಾನು ಅಲ್ಲೇ ಕಂಡಿಕೆ ಸುತ್ತುತ್ತಿದ್ದೆ. ನೂಲನ್ನು ಪುಟ್ಟ ಕೊಳವೆಗೆ ಸುತ್ತಿ ನೇಯುವವರ ಕೈಗೆ ಕೊಡುವ ಕೆಲಸ. ಅಪ್ಪನ ಮಗ್ಗ ನನಗೆ ಕೊಡ್ರಿ ಎಂದು ಕೇಳಿದೆ. ಮಾಲಕರು ನಕ್ಕರು.

"ನಾ ಒಂದ ಸಲ ಗದರಿದ್ರ ಕಣ್ಣಾಗ ನೀರ ತರ್ತಿ. ಮಗ್ಗಕ್ಕ ಕೂಡ್ತಾಳಂತ, ಮಗ್ಗಕ್ಕ!"

ಅಮಾವಾಸ್ಯೆ ಕಳೆದ ಮೇಲೆ ಹುನಗುಂದದವನೊಬ್ಬ ಬಂದು ಆ ಮಗ್ಗಕ್ಕೆ ಕೂಡುವುದೆಂದು ಗೊತ್ತಾಗಿತ್ತು. ಖರೆ ಹೇಳಬೇಕೆಂದರೆ, ನನಗೆ ಅಳು ಬೇಗ ಬರುತ್ತಿತ್ತು. ಅದಕ್ಕೇ ಅವರ ಮಾತಿಗೆ ಮೈಯೆಲ್ಲ ಉರಿಯಿತು.

ಸೈನ್ಯವಿಲ್ಲದೆ ತಾಲೀಮು ನಿಂತಾಗ ನನ್ನ ಸೋದರತ್ತೆ ಎದ್ದಳು. ಅವಳೂ ಕಂಡಿಕೆ ಸುತ್ತುವವಳೇ, ಬಾಯಿ ಮಾತ್ರ ಜೋರು.

"ಮಾಸ್ತರ್ರ, ನಾವು ನಿಲ್ತೇವ್ರಿ."

"ಹೆಣ್ಮಕ್ಳು ಆಟದಾಗ ಬರಂಗಿಲ್ಲವಾ."

"ಗಂಡಸ್ರು ಸೀರಿ ಉಟ್ಟು ದೇವಿ ಆದ್ರ ನಡೀತದ, ನಾವು ಬಡಿಗಿ ಹಿಡದ್ರ ನಡಿಯಂಗಿಲ್ಲೇನ್ರಿ?"

ಮಾಸ್ತರರು ತಲೆ ಕೆರೆದುಕೊಂಡು, ತಾಲೀಮಿನ ಮಟ್ಟಿಗೆ ಆಗಲಿ ಎಂದರು. ಕಂಡಿಕೆ ಸುತ್ತುವ ಐವರು ಸೈನ್ಯವಾದೆವು.

ಅಮಾವಾಸ್ಯೆಯ ದಿನ ಮಗ್ಗಗಳಿಗೆ ಬಿಡುವು. ಮಧ್ಯಾಹ್ನ ಮಾಲಕರ ಅಂಗಳದಲ್ಲಿ ತಾಲೀಮು ಶುರುವಾಯಿತು. ನಿಮ್ಮನ್ನು ಯಾರು ಕರೆದರು ಎಂದು ದೇವಿ ಕೇಳುತ್ತಾಳೆ. ನಮ್ಮದು ಒಂದೇ ಮಾತು: "ಯಾರೂ ಕರೀಲಿಲ್ಲ, ತಾಯಿ. ನಾವಽ ಬಂದೇವಿ." ಆಮೇಲೆ ರಾಕ್ಷಸರಾಜ ಮೂರು ಸಲ ಅಬ್ಬರಿಸುತ್ತಾನೆ. ಮೂರನೆಯದಕ್ಕೆ ನಾವು ಬಡಿಗೆ ಬಿಸಾಕಿ ಓಡಬೇಕು. ನಾವು ಓಡಿದ ಮೇಲೆಯೇ ದೇವಿ ಯುದ್ಧಕ್ಕೆ ಇಳಿಯುವ ಪದ ಹಾಡುವುದು.

ಮಾಲಕರು ಅಬ್ಬರಿಸಿದರು. ಮೊದಲ ಸಲಕ್ಕೆ ಬಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದೆ. ಎರಡನೆಯದಕ್ಕೆ ಕಣ್ಣು ತುಂಬಿತು. ಮೂರನೆಯದಕ್ಕೆ ಓಡಲು ಕಾಲೆತ್ತಿದ್ದೆ. ಅವರ ಬೆನ್ನ ಹಿಂದೆ, ಬಾಗಿಲೊಳಗೆ, ಅಪ್ಪನ ಮಗ್ಗ ಕಂಡಿತು. ಎತ್ತಿದ ಕಾಲು ಅಲ್ಲೇ ಊರಿದೆ. ನನ್ನನ್ನು ನೋಡಿ ಅತ್ತೆ ನಿಂತಳು, ಅವಳನ್ನು ನೋಡಿ ಉಳಿದವರು ನಿಂತರು.

"ಓಡ್ರವಾ, ಓಡ್ರಿ!" ಮಾಸ್ತರರು ತಾಳ ಬಡಿದೇ ಬಡಿದರು. ಮಾಲಕರು ನಾಲ್ಕನೆಯ ಸಲ ಅಬ್ಬರಿಸಿದರು, ಐದನೆಯ ಸಲ ಅಬ್ಬರಿಸಿದರು, ಆಮೇಲೆ ಕೆಮ್ಮು ಹತ್ತಿತು. ದೇವಿಯಾಗಿದ್ದ ಗಂಡಸು ಬೀಡಿ ಹಚ್ಚಿ ಕಟ್ಟೆಗೆ ಹೋಗಿ ಕೂತ.

"ಯಾಕ ಓಡವಲ್ರಿ?" ಎಂದು ಮಾಸ್ತರರು ರೇಗಿದರು.

"ಕರೀದ ಬಂದವ್ರು ಯಾಕ ಓಡ್ತಾರ್ರಿ?" ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ.

ಅಂದೇ ನಮ್ಮನ್ನು ಸೈನ್ಯದಿಂದ ತೆಗೆದರು. ಐದು ಮಂದಿ ಸಣ್ಣ ರಾಕ್ಷಸರ ಕಿರೀಟ ಬಿಚ್ಚಿಸಿ ಬಡಿಗೆ ಕೊಟ್ಟರು. ಆಟದಲ್ಲಿ ಅವರು ಭಾಳ ಚಂದ ಓಡಿದರಂತೆ, ನಾನು ನೋಡಲು ಹೋಗಲಿಲ್ಲ.

ತಾಲೀಮಿನ ಮರುದಿನ ಬೆಳಿಗ್ಗೆ, ಹುನಗುಂದದವನು ಬರುವ ಮೊದಲೇ, ಅಪ್ಪನ ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತೆ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ಬಾಕಿ ಇತ್ತು. ಅದು ನಮ್ಮೂರ ಸೀರೆಯ ಜೀವ. ಅಪ್ಪನ ಪಕ್ಕ ಕೂತು ಕಲಿತದ್ದು. ಹಾಕತೊಡಗಿದೆ.

ಮಾಲಕರು ಬಂದರು. ಗದರಲು ಬಾಯಿ ತೆರೆದರು, ಬರೀ ಗಾಳಿ ಬಂತು. ಹಿಂದಿನ ದಿನದ ಅಬ್ಬರಕ್ಕೆ ಗಂಟಲು ಕಟ್ಟಿತ್ತು. ಕುಣಿಯ ತನಕ ಬಂದು, ಬಗ್ಗಿ, ಪಿಸುಗುಟ್ಟಿದರು:

"ಯಾರು ಕರದ್ರು ನಿನ್ನ ಇಲ್ಲಿ?"

"ಯಾರೂ ಕರೀಲಿಲ್ರಿ. ನಾನಽ ಬಂದೇನಿ."

ಕಣ್ಣಲ್ಲಿ ನೀರು ಬಂದೇ ಬಂತು. ಒರೆಸಿಕೊಳ್ಳಲಿಲ್ಲ, ಎರಡೂ ಕೈಯಲ್ಲಿ ಎಳೆಗಳಿದ್ದವು. ಅವರು ಕೈ ಚಾಚಿ ನಾನು ಹಾಕಿದ ಕೊಂಡಿಗಳನ್ನು ಎಳೆದು ನೋಡಿದರು, ನಾನು ಹಾಕುತ್ತಲೇ ಇದ್ದೆ. ಆಮೇಲೆ ಮೂಲೆಯಲ್ಲಿ ಕಂಡಿಕೆ ಸುತ್ತುತ್ತ ಕೂತಿದ್ದ ಅತ್ತೆಯ ಕಡೆ ತಿರುಗಿ, ಅದೇ ಒಡಕು ದನಿಯಲ್ಲಿ ಹೇಳಿದರು:

"ಇಕಿಗೆ ಕಂಡಿಕಿ ಸುತ್ತಿ ಕೊಡವಾ."