ಶೇಂಗಾ ಕೇರುವಾಗ ಬರುವ ದಮ್ಮು

ನಮ್ಮ ಕಡೆ ದಮ್ಮು ಎಂದರೆ ಉಬ್ಬಸವೂ ಹೌದು, ಎದೆಗಾರಿಕೆಯೂ ಹೌದು. ಮೊಳಕಾಲ್ಮೂರಿನ ನೇಕಾರರ ಮನೆಯಿಂದ ಚಳ್ಳಕೆರೆಗೆ ಸೊಸೆಯಾಗಿ ಬಂದ ನನಗೆ ಎದೆಗಾರಿಕೆ ಎಷ್ಟಿತ್ತೋ ಕಾಣೆ, ಉಬ್ಬಸ ಮಾತ್ರ ಬಂದ ವರ್ಷವೇ ಅಂಟಿಕೊಂಡಿತು. ಅದೂ ಮೊರ ಹಿಡಿದು ಶೇಂಗಾ ಕೇರಲು ಕೂತಾಗಲೇ.

“ಹೋಳಿಗೆ ತಿನ್ನೋವಾಗ ಬರಲ್ಲ, ಶೇಂಗಾ ಕೇರೋವಾಗ್ಲೇ ಬರ್ತೈತೆ. ಬಲು ಜಾಣ ದಮ್ಮು,” ಎನ್ನುತ್ತಿದ್ದರು ಅತ್ತೆ. ಅವರದೇ ಒಂದು ಪರೀಕ್ಷೆಯನ್ನೂ ಮಾಡಿದರು. ಒಣಮೆಣಸಿನಕಾಯಿ ಹುರಿಯುತ್ತಾ ನನ್ನನ್ನು ಒಲೆಯ ಪಕ್ಕ ಕೂರಿಸಿದರು. ನಾನು ಕೆಮ್ಮಿದೆ, ಅತ್ತೆಯೂ ಕೆಮ್ಮಿದರು, ಬೆಕ್ಕು ಸೀನುತ್ತಾ ಓಡಿತು. ಬೆಕ್ಕಿಗೂ ದಮ್ಮಿದೆ ಎಂದು ತೀರ್ಮಾನವಾಗಬೇಕಿತ್ತು. ಆದದ್ದು ನಾನು ಕೆಲಸಗಳ್ಳಿ ಎಂದು. ಆ ಮಾತು ನನಗೆ ಮೆಣಸಿನಕಾಯಿಗಿಂತ ಖಾರವಾಗಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಡಾಕ್ಟರೊಬ್ಬರು, “ದಮ್ಮು ಬರಿಸಿಯೇ ನೋಡೋಣ,” ಎಂದರು. ಸಾಕ್ಷಿಗೆಂದು ಅತ್ತೆಯೂ ಬಂದರು. ಮೊದಲ ದಿನ ಓಡುವ ಯಂತ್ರ. ಸೀರೆ ಎತ್ತಿ ಕಟ್ಟಿ ಓಡಿದೆ, ಇಳಿದು ಕೊಳವೆಗೆ ಊದಿದೆ. ಹಾಳಾದ್ದು ಬರಲೇ ಇಲ್ಲ.

“ಓಡೋಕೆ ದಮ್ ಐತೆ, ಕೇರೋಕೆ ಕೂತ್ರೆ ದಮ್ಮು ಬರ್ತೈತೆ,” ಎಂದರು ಅತ್ತೆ.

ಡಾಕ್ಟರು ತಾಳ್ಮೆಯವರು. “ಓಟಕ್ಕೆ ಬಂದ್ರೆ ಐತೆ ಅಂತ ನಂಬಬಹುದಮ್ಮ. ಬರದಿದ್ರೆ ಇಲ್ಲ ಅನ್ನೋಕಾಗಲ್ಲ. ನಾಳೆ ಔಷಧದ ಹಬೆ ಎಳೆಸ್ತೀವಿ, ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡ್ತಾ. ಅದಕ್ಕೂ ಬರದಿದ್ರೆ ದಮ್ಮು ಇಲ್ಲ ಅಂತ್ಲೇ ತಿಳ್ಕೊಳ್ಳಿ.”

ನಾಳೆ ಬರದಿದ್ದರೆ ನಾನು ಸಾಯುವತನಕ ಕೆಲಸಗಳ್ಳಿಯೇ. ದಮ್ಮು ಹೋಗಲೆಂದು ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ಹರಕೆ ಹೊತ್ತಿದ್ದವಳು, ನಾಳೆ ಒಂದು ದಿನದ ಮಟ್ಟಿಗೆ ಬರಲಿ ಎಂದು ಇನ್ನೊಂದು ಹರಕೆ ಹೊತ್ತೆ. ದೇವರಿಗೂ ತಲೆ ಕೆಟ್ಟಿರಬೇಕು.

ಮೊದಲ ಹಬೆಗೆ ಏನೂ ಆಗಲಿಲ್ಲ. ಎರಡು, ಮೂರು ಆದರೂ ಇಲ್ಲ. ಅತ್ತೆ ಗೆದ್ದವರಂತೆ ಎಲೆಅಡಿಕೆ ಸಂಚಿ ಬಿಚ್ಚಿದರು. ನಾಲ್ಕನೆಯದಕ್ಕೆ ಎದೆ ಬಿಗಿದು ಒಳಗೆ ಸಿಳ್ಳೆ ಶುರುವಾಯಿತು.

“ಬಂತು ಅತ್ತೆ, ಬಂತು,” ಎಂದು ಏದುಸಿರಿನಲ್ಲೇ ನಕ್ಕೆ.

ಅತ್ತೆ ಸಂಚಿ ಬಿಸಾಕಿ ಬಂದು ನನ್ನ ಬೆನ್ನು ಸವರತೊಡಗಿದರು. “ಸಾಕು ನಿಲ್ಸ್ರೀ ಡಾಕ್ಟ್ರೇ, ನಂಬಿದೆ ನಾನು.” ಡಾಕ್ಟರು ಬೇರೆ ಔಷಧ ಎಳೆಸಿದರು, ಉಸಿರು ಸರಿಹೋಯಿತು. ಅತ್ತೆಯ ಕೈ ಮಾತ್ರ ಬೆನ್ನ ಮೇಲೇ ಇತ್ತು. ನನಗೆ ಅಳು ಬಂತು.

ಚಳ್ಳಕೆರೆಯಲ್ಲಿ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿದ್ದರು. ಅತ್ತೆ ತಲೆಯೆತ್ತಿ ಹೇಳಿದರು, “ದೊಡ್ಡ ಡಾಕ್ಟ್ರೇ ಹೇಳಿದ್ರು ಕಣಮ್ಮ, ನನ್ ಸೊಸೆಗೆ ದಮ್ ಐತೆ.”

“ಅದ್ಕೆ ದಾವಣಗೆರೆಗಂಟ ಹೋಗ್ಬೇಕಿತ್ತೇನ್ರೀ? ದಮ್ ಇಲ್ದೆ ನಿಮ್ ಕೈಯಾಗೆ ಇಷ್ಟು ದಿನ ಬಾಳಿದ್ಳಾ?”

ಅತ್ತೆ ಒಳಗೆ ಹೋಗಿ ಮೊರ ತಾವೇ ಎತ್ತಿಕೊಂಡರು.