ಬಾಣಂತಿ ಕೋಣೆಯ ಒಲೆ

ಚೆನ್ನೈಯಲ್ಲಿ ಕೋಣೆ ಬೆಚ್ಚಗಾಗಿಸುವ ಒಲೆ ಇಟ್ಟುಕೊಂಡವರು ನಮ್ಮನ್ನು ಬಿಟ್ಟರೆ ಬೇರೆ ಯಾರಾದರೂ ಇದ್ದಾರೋ ಇಲ್ಲವೋ ನನಗೆ ತಿಳಿಯದು. ಪುರಸೈವಾಕ್ಕಂನ ನಮ್ಮ ಫ್ಲಾಟಿನ ಹಾಲಿನಲ್ಲಿ, ಟಿವಿಯ ಪಕ್ಕದಲ್ಲಿ, ಅದು ಕೂತಿದೆ. ಕಪ್ಪು ಕಬ್ಬಿಣದ ಮೈ, ಮುಂದೆ ಗಾಜಿನ ಬಾಗಿಲು, ಗಿಡ್ಡ ಗಿಡ್ಡ ಕಾಲುಗಳು. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ತಲೆಯ ಮೇಲೆ ತಿರುಗುತ್ತಿರುವ ಫ್ಯಾನನ್ನು ನೋಡುತ್ತಾರೆ, ಕೊನೆಗೆ ನನ್ನ ಮುಖ ನೋಡುತ್ತಾರೆ. ಈ ಊರಿನಲ್ಲಿ ಚಳಿಗಾಲವೆಂದರೆ ಫ್ಯಾನಿನ ವೇಗವನ್ನು ಒಂದು ಮೆಟ್ಟಿಲು ಇಳಿಸುವುದು, ಅಷ್ಟೇ. ಹಾಗಾಗಿ ಅವರ ಮೇಲೆ ನನಗೆ ಸಿಟ್ಟಿಲ್ಲ. ಬೇರೆಯವರ ಮನೆಯಲ್ಲಿ ಇಂಥದ್ದನ್ನು ಕಂಡಿದ್ದರೆ ನಾನಂತೂ ಬಾಯಿಬಿಟ್ಟೇ ನಗುತ್ತಿದ್ದೆ.

ನಾನು ಹೋಟೆಲಿನವನು. ನನ್ನ ತಂದೆ ಉಡುಪಿ ಕಡೆಯಿಂದ ಬಂದು ಇಲ್ಲಿ ಹಾಕಿದ ಸಣ್ಣ ತಿಂಡಿ ಹೋಟೆಲನ್ನು ನಾನೂ ತಮ್ಮನೂ ನಡೆಸಿದೆವು. ಸೌದೆ, ಮರದ ಹೊಟ್ಟು, ಡೀಸೆಲ್, ಗ್ಯಾಸು, ಈಗೀಗ ಪೆಲೆಟ್ಟು ಎಲ್ಲವನ್ನೂ ಉರಿಸಿ ನೋಡಿದ್ದೇನೆ. ಪೆಲೆಟ್ಟು ಎಂದರೆ ಕಡಲೆಕಾಯಿ ಸಿಪ್ಪೆ, ಮರದ ಪುಡಿ ಇತ್ಯಾದಿಗಳನ್ನು ಒತ್ತಿ ಮಾಡಿದ ಬೆರಳುಗಾತ್ರದ ತುಂಡುಗಳು. ಒಟ್ಟಿನಲ್ಲಿ ಬೆಂಕಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೆಂಡತಿ ಮಾತ್ರ ಹೇಳುತ್ತಾಳೆ, ಅವಳನ್ನು ತಡೆಯುವವರಿಲ್ಲ.

ನಮಗೆ ಒಬ್ಬಳೇ ಮಗಳು. ಬ್ಯಾಂಕಿನಲ್ಲಿ ಕೆಲಸ. ಮದುವೆಯಾದ ಮೇಲೆ ಅವಳಿಗೆ ನೀಲಗಿರಿ ಬೆಟ್ಟದ ಕೂನೂರಿಗೆ ವರ್ಗವಾಯಿತು, ಅಳಿಯನೂ ಅಲ್ಲೇ ಒಂದು ಕೆಲಸ ಹುಡುಕಿಕೊಂಡ. ತಮಿಳಿನ ಹುಡುಗ, ಮಾತು ಕಡಿಮೆ, ಮನಸ್ಸು ಒಳ್ಳೆಯದು. ಮಗಳು ಬಸುರಾದಾಗ ನಮ್ಮ ಮನೆಯಲ್ಲಿ ಹಬ್ಬ. ಚೊಚ್ಚಲ ಹೆರಿಗೆ, ತವರಿನಲ್ಲೇ ಆಗಬೇಕು ಎಂದು ನನ್ನ ಹೆಂಡತಿ ಬಾಣಂತಿ ಲೇಹ್ಯದ ಸಾಮಾನು ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ವಿಚಾರಿಸಲು ಶುರು ಮಾಡಿದಳು. ಅಷ್ಟರಲ್ಲಿ ಡಾಕ್ಟರು, ಇವರು ಮಲಗಿಯೇ ಇರಬೇಕು, ಘಾಟಿಯ ತಿರುವುಗಳಲ್ಲಿ ಪ್ರಯಾಣ ಮಾಡುವುದು ಬೇಡವೇ ಬೇಡ ಎಂದುಬಿಟ್ಟರು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಹೆಂಡತಿ ಕೂರಲಿಲ್ಲ.

"ಅವಳಿಗೆ ಇಳಿದು ಬರ್ಲಿಕ್ಕೆ ಆಗುದಿಲ್ಲ ಅಂದ್ರೆ ತವರೇ ಹತ್ತಿಕೊಂಡು ಹೋಗ್ತದೆ, ಅದಕ್ಕೆಂತ?" ಎಂದಳು. "ನೀವೊಂದು ಕೆಲಸ ಮಾಡಿ. ಅಲ್ಲಿ ಮಾರ್ಗಳಿ ತಿಂಗಳು, ನಮ್ಮ ಧನುರ್ಮಾಸ, ಅಂದ್ರೆ ಮೂಳೆ ಒಳಗೆ ಚಳಿ ಹೊಗ್ತದಂತೆ. ಬಾಣಂತಿ ಕೋಣೆಗೆ ಒಂದು ಒಲೆ ನೋಡಿ."

ಅಳಿಯ ಫೋನಿನಲ್ಲಿ, ಕರೆಂಟಿನ ಹೀಟರ್ ತರುತ್ತೇನೆ ಅತ್ತೆ ಎಂದ. ಮಳೆ ಗಾಳಿಗೆ ಆ ಊರಿನಲ್ಲಿ ಕರೆಂಟು ಹೋದರೆ ಬರುವುದು ಅದಕ್ಕೆ ಮನಸ್ಸಾದಾಗ ಎಂದು ಮಗಳೇ ಹಿಂದೆ ಹೇಳಿದ್ದಳು. ಹೀಗೆ ಒಲೆಯ ಜವಾಬ್ದಾರಿ ನನ್ನ ತಲೆಗೆ ಬಂತು. ಹೆರಿಗೆ, ಬಾಣಂತನದ ಮನೆಯಲ್ಲಿ ಗಂಡಸಿಗೆ ಇರುವ ಕೆಲಸ ಅಡ್ಡ ಬಾರದೆ ಇರುವುದು ಮಾತ್ರ. ನನಗೆ ಒಂದು ಕೆಲಸ ಸಿಕ್ಕಿತಲ್ಲ ಎಂದು ನಾನು ಒಳಗೊಳಗೇ ಕುಣಿದೆ.

ಮೊದಲು ನಮ್ಮ ಬೀದಿಯ ಅಂಗಡಿಗಳಲ್ಲೇ ಕೇಳಿದೆ. ಹೀಟರ್ ಎಂದರೆ ಸ್ನಾನದ ಗೀಸರ್ ತೋರಿಸಿದರು. ಸ್ನಾನಕ್ಕಲ್ಲಪ್ಪಾ, ಕೋಣೆಗೆ ಎಂದೆ. ಏಸಿ ತೋರಿಸಿದರು. ಕೊನೆಗೆ ಹೋಟೆಲಿಗೆ ಪೆಲೆಟ್ಟು ಕೊಡುವವನೇ ಒಂದು ವಿಳಾಸ ಹೇಳಿದ. ಎಣ್ಣೂರಿನ ದಾರಿಯಲ್ಲಿ, ಲಾರಿಗಳ ಧೂಳಿನ ನಡುವೆ, ತಗಡಿನ ಶೆಡ್ಡು. ಹೋಟೆಲುಗಳಿಗೆ ಒಲೆ ಮಾಡಿಕೊಡುವ ವ್ಯಾಪಾರಿ. ಯಾವುದೋ ಬೆಟ್ಟದ ಬಂಗಲೆಗೆಂದು ತರಿಸಿ, ಅವರು ಬೇಡವೆಂದ ಮೇಲೆ ಉಳಿದುಹೋದ ಎರಡು ಒಲೆಗಳು ಅವನ ಹತ್ತಿರ ಇದ್ದವು. ಅಗ್ಗಕ್ಕೆ ಕೊಡಲು ತಯಾರಿದ್ದ. ನಮ್ಮ ಕೈಗೆ ಎಟಕುವ ಬೆಲೆಯೂ ಅದೇ ಆಗಿತ್ತು.

ಒಂದು ಪೆಲೆಟ್ಟಿನ ಒಲೆ. ಮೇಲಿನ ಡಬ್ಬಿಗೆ ಪೆಲೆಟ್ಟು ತುಂಬಿಬಿಟ್ಟರೆ ಅದರಷ್ಟಕ್ಕೆ ಅದೇ ಇಳಿಸಿಕೊಂಡು ಉರಿಯುತ್ತದೆ. ಹೊಗೆ ಇಲ್ಲ, ಊದುವ ಕಷ್ಟ ಇಲ್ಲ, ಉರಿ ಒಂದೇ ಸಮ. ನನಗೆ ಅದನ್ನು ಕಂಡ ಕೂಡಲೇ ಮನಸ್ಸಾಯಿತು. ಇನ್ನೊಂದು ಏನು ಕೊಟ್ಟರೂ ತಿನ್ನುವ ಒಲೆ, ಸೌದೆ, ಇದ್ದಿಲು, ತೆಂಗಿನ ಚಿಪ್ಪು. ಭಾರ ಜಾಸ್ತಿ, ಪಕ್ಕದಲ್ಲೇ ಕೂತು ನೋಡಿಕೊಳ್ಳಬೇಕು, ಬೂದಿ ಎತ್ತಬೇಕು. ಉರಿಸಿ ತೋರಿಸು ಎಂದೆವು. ಹೊರಗೆ ಡಾಂಬರು ಕರಗುವ ಬಿಸಿಲು. ಶೆಡ್ಡಿನ ಒಳಗೆ ಎರಡೂ ಒಲೆಗಳನ್ನು ಹಚ್ಚಿದ ಮೇಲೆ ವ್ಯಾಪಾರಿ ಬಾಗಿಲಿಗೆ ಓಡಿದ, ನಾನು ಅವನ ಹಿಂದೆ ಓಡಿದೆ. ನನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆವರು ಸುರಿಸುತ್ತಾ, ಪೆಲೆಟ್ಟಿನ ಒಲೆಯ ಮುಂದೆ ಎರಡೂ ಅಂಗೈ ಹಿಡಿದು ನಿಂತಿದ್ದಳು.

"ಸಾಲ್ದು," ಎಂದಳು.

"ಅಮ್ಮಾ, ಇದು ಚೆನ್ನೈ!" ಎಂದು ವ್ಯಾಪಾರಿ ಬಾಗಿಲಿನಿಂದಲೇ ತಮಿಳಿನಲ್ಲಿ ಕೂಗಿಕೊಂಡ.

ಆಮೇಲೆ ಅವಳು ಕಡ್ಡಿ ತೆಗೆದುಕೊಂಡು ಪೆಲೆಟ್ಟಿನ ಒಲೆಯ ಹೊಟ್ಟೆ ಕೆದಕಿದಳು. ಬೂದಿ ಪುಡಿ ಪುಡಿಯಾಗಿ ಬಿತ್ತು. "ಇದ್ರಲ್ಲಿ ಕೆಂಡ ಎಲ್ಲುಂಟು ಮಾರಾಯ್ರೆ? ತಲೆಗೆ ನೀರು ಹಾಕಿದ ಮೇಲೆ ಕೂದಲಿಗೆ ಸಾಂಬ್ರಾಣಿ ಹೊಗೆ ಕೊಡ್ಲಿಕ್ಕೆ ಕೆಂಡ ಬೇಡ್ವಾ? ಬೂದಿ ಮೇಲೆ ಸಾಂಬ್ರಾಣಿ ಹಾಕುದಾ?"

ನನ್ನ ಅನುಭವವೆಲ್ಲ ಆ ಒಂದು ಪ್ರಶ್ನೆಯ ಮುಂದೆ ಮಂಡಿಯೂರಿತು. ನಾನು ನೋಡಿದ್ದು ಉರಿಯನ್ನು, ಅವಳು ನೋಡಿದ್ದು ಉರಿ ಆರಿದ ಮೇಲೆ ಏನು ಉಳಿಯುತ್ತದೆ ಎಂಬುದನ್ನು. "ಹೊಗೆ ಬಾಣಂತಿಗೆ ಮಾತ್ರವೋ, ಮಗುವಿಗೂ..." ಎಂದು ನಾನು ಬಾಯಿ ತೆರೆದೆ. ಅವಳು ಕಣ್ಣು ಬಿಟ್ಟಳು. ನಾನು ಬಾಯಿ ಮುಚ್ಚಿದೆ.

ಯಾಕೆಂದರೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಹುಟ್ಟುವ ಮೊದಲು ಮಗುವಿಗೆಂದು ಏನನ್ನೂ ತರಬಾರದು. ತೊಟ್ಟಿಲು ಬೇಡ, ಅಂಗಿ ಬೇಡ, ಹೆಸರು ಯೋಚಿಸುವುದು ಕೂಡ ಬೇಡ. ಸೀಮಂತದ ಸೀರೆಗೆಂದು ಟಿ. ನಗರಕ್ಕೆ ಹೋದಾಗ ಒಂದು ಅಂಗಡಿಯ ಗಾಜಿನೊಳಗೆ ಉಣ್ಣೆಯ ಪುಟ್ಟ ಟೊಪ್ಪಿಗೆ ಕಂಡೆ. ಹಳದಿ ಬಣ್ಣ, ನೆತ್ತಿಯ ಮೇಲೆ ಒಂದು ಗೊಂಡೆ. ನನ್ನ ಮುಷ್ಟಿಗೆ ಸರಿಯಾಗುವಷ್ಟು ಸಣ್ಣದು. ಅಷ್ಟು ಜನಜಂಗುಳಿಯಲ್ಲಿ ನಾನು ಅದರ ಮುಂದೆ ನೆಟ್ಟಂತೆ ನಿಂತುಬಿಟ್ಟೆ. ಹೆಂಡತಿ ಕೈ ಹಿಡಿದು ಎಳೆದಳು. "ಒಂದು ನೂಲಿನ ಎಳೆ ಕೂಡ ಈಗ ಮನೆಗೆ ಬರ್ಲಿಕ್ಕಿಲ್ಲ. ಹುಟ್ಟಿದ ಮೇಲೆ ಇಡೀ ಅಂಗಡಿ ತನ್ನಿ, ನಾನು ಕೇಳಿದ್ರೆ ಹೇಳಿ."

ಏನು ಕೊಟ್ಟರೂ ತಿನ್ನುವ ಒಲೆಗೇ ದುಡ್ಡು ಕೊಟ್ಟು ಶೆಡ್ಡಿನಿಂದ ಹಿಂದಿರುಗುವಾಗ ಆಟೋದಲ್ಲಿ ನಾನು ಅವಳನ್ನು ಸಿಕ್ಕಿಹಾಕಿಸಲು ನೋಡಿದೆ. "ಟೊಪ್ಪಿಗೆ ಬೇಡ ಅಂದಿ. ಒಲೆ ತಗೊಂಡಿದ್ದೀಯಲ್ಲ, ಇದು ಮಗುವಿಗೆ ಅಲ್ವಾ?"

"ಅಲ್ಲ," ಎಂದಳು, ಕೋರ್ಟಿನಲ್ಲಿ ನಿಂತವಳ ಹಾಗೆ. "ಒಲೆ ಬಾಣಂತಿಗೆ. ಮಗುವಿಗಲ್ಲ."

ಒಳಗೆ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಗಳನ್ನು ಹೊದಿಕೆ ಹೊದಿಸಿ ಕಾಪಾಡಬಹುದು. ಒಂದು ಅಂಗೈಯಗಲದ ಜೀವ ಬೆಟ್ಟದ ಚಳಿಗೆ ನಡುಗಬಾರದು ಎಂದೇ ನಾವು ಅಷ್ಟು ದೂರದ ಶೆಡ್ಡಿನಲ್ಲಿ ಬೆಂದು ಬಂದದ್ದು. ಬಾಯಿಬಿಟ್ಟು ಮಾತ್ರ ಹೇಳಲಿಲ್ಲ.

ಒಲೆ ಲಾರಿಯಲ್ಲಿ ಬೆಟ್ಟ ಹತ್ತಿತು, ನಾವು ರೈಲಿನಲ್ಲಿ ಹೋದೆವು. ನಾನು ಮೇಸ್ತ್ರಿಯನ್ನು ಕರೆದು, ಗೋಡೆ ಕೊರೆಸಿ, ಹೊಗೆ ಕೋಣೆಯಲ್ಲಿ ಒಂದಿಷ್ಟೂ ನಿಲ್ಲದಂತೆ ಕೊಳವೆ ಕೂರಿಸಿದೆ. ಪ್ರತಿ ಸಂದಿಯನ್ನೂ ಬೆರಳಿನಿಂದ ತಡವಿ ನೋಡಿದೆ. ಮಗಳು ಮಂಚದಿಂದಲೇ ನಗುತ್ತಿದ್ದಳು. "ಅಪ್ಪಾ, ಪೋದುಂ! ಹೋಟೆಲ್ ಓಪನ್ ಮಾಡ್ತೀರಾ ಇಲ್ಲಿ?" ಎನ್ನುತ್ತಿದ್ದಳು. ಸಾಕು ಎನ್ನಲು ಅವಳಿಗೆ ಚಿಕ್ಕಂದಿನಿಂದಲೂ ತಮಿಳೇ ಬಾಯಿಗೆ ಬರುವುದು. ಒಲೆ ಹಚ್ಚುವ ಮುಹೂರ್ತ ಮಗು ಮನೆಗೆ ಬಂದ ದಿನ ಎಂದು ಹೆಂಡತಿ ಹೇಳಿದ್ದರಿಂದ ನಾನು ತೆಂಗಿನ ಚಿಪ್ಪು, ಸೌದೆ ಜೋಡಿಸಿ ಕಾಯುತ್ತಾ ಕೂತೆ.

ದಿನ ತುಂಬಿದ ಮೇಲೆ, ಒಂದು ಬೆಳಿಗ್ಗೆ, ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತಾಯಿಯನ್ನು ಕರೆದಳು. "ಅಮ್ಮಾ, ನಿನ್ನೆಯಿಂದ ಪಾಪು ಅಲ್ಲಾಡ್ತಾ ಇಲ್ಲ."

ಆಸ್ಪತ್ರೆಯಲ್ಲಿ ಡಾಕ್ಟರು ತುಂಬಾ ಮೆತ್ತಗೆ ಮಾತಾಡಿದರು. ಇದು ಯಾರ ತಪ್ಪೂ ಅಲ್ಲ ಎಂದರು. ನನಗೆ ಬೈಯಲು ಒಬ್ಬರಾದರೂ ಬೇಕಿತ್ತು, ಯಾರೂ ಸಿಗಲಿಲ್ಲ. ಒಳಗೆ ಜೀವವಿಲ್ಲವೆಂದು ತಿಳಿದ ಮೇಲೂ ನನ್ನ ಮಗಳು ಎಲ್ಲರಂತೆ ನೋವು ತಿಂದು ಹೆರಬೇಕಾಯಿತು. ಹೆಣ್ಣುಮಗು. ನರ್ಸು ಹೊರಗೆ ಬಂದು ಮಗುವಿಗೆ ಸುತ್ತಲು ಬಟ್ಟೆ ಕೊಡಿ ಎಂದು ಕೇಳಿದಳು.

ನಾನು, ಹೆಂಡತಿ, ಅಳಿಯ ಮುಖ ಮುಖ ನೋಡಿಕೊಂಡೆವು. ನಮ್ಮ ಹತ್ತಿರ ಬಟ್ಟೆ ಇರಲಿಲ್ಲ. ಕಟ್ಟಳೆಯನ್ನು ಅಷ್ಟು ಚೆನ್ನಾಗಿ ಪಾಲಿಸಿದ್ದೆವು. ಒಂದು ನೂಲಿನ ಎಳೆ ಕೂಡ ಇರಲಿಲ್ಲ. ನಾನು ಹೆಗಲ ಮೇಲಿದ್ದ ಬೈರಾಸ ತೆಗೆದುಕೊಟ್ಟೆ. ಹೋಟೆಲಿನವನ ಬೈರಾಸ, ಎಷ್ಟು ಒಗೆದರೂ ಅದರ ಇಂಗಿನ ವಾಸನೆ ಹೋಗುವುದಿಲ್ಲ. ನನ್ನ ಮೊಮ್ಮಗಳು ಈ ಲೋಕದಲ್ಲಿ ಹೊದ್ದದ್ದು ಅದೊಂದೇ. ಅದರಲ್ಲೇ ಅವಳನ್ನು ನನ್ನ ಕೈಗೆ ಕೊಟ್ಟರು. ಮೂಗು ನಮ್ಮ ಮನೆಯದು. ಆ ಹಳದಿ ಟೊಪ್ಪಿಗೆ ಅವಳಿಗೆ ಸರಿಯಾಗುತ್ತಿತ್ತು.

ಮಂಜು ಸುರಿಯುತ್ತಿದ್ದ ಇಳಿಜಾರಿನಲ್ಲಿ, ಮಕ್ಕಳಿಗೆಂದು ಬಿಟ್ಟ ಜಾಗದಲ್ಲಿ, ಅಳಿಯ ತಾನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿದ. ನೆಲ ಎಷ್ಟು ತಣ್ಣಗಿತ್ತೆಂದರೆ ಒಂದು ಹಿಡಿ ಮಣ್ಣು ಹಾಕಿದ ನನ್ನ ಕೈ ಮನೆಗೆ ಬರುವವರೆಗೂ ಮರಗಟ್ಟಿತ್ತು.

ಮಗಳನ್ನು ಮನೆಗೆ ಕರೆತಂದ ದಿನ ಊರಿನಿಂದ ನೆಂಟರ ಹಿರಿಯ ಹೆಂಗಸೊಬ್ಬರು ಫೋನು ಮಾಡಿದರು. ಮಗುವೇ ಇಲ್ಲದ ಮೇಲೆ ಬಾಣಂತನ ಎಂತದ್ದು, ಅದೆಲ್ಲ ಮಾಡಲಿಕ್ಕಿಲ್ಲ ಎಂದರು. ನನ್ನ ಹೆಂಡತಿ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗಲೂ ಅಳಲಿಲ್ಲ. "ಹೆತ್ತಿದ್ದಾಳಲ್ಲ?" ಎಂದು ಕೇಳಿ ಫೋನು ಇಟ್ಟಳು. ಮಗಳ ಅಂಗಿಯ ಎದೆ ಹಾಲಿನಿಂದ ಒದ್ದೆಯಾಗಿತ್ತು. ಕುಡಿಯುವವರು ಇಲ್ಲವೆಂದು ಹಾಲಿಗೆ ಹೇಳುವವರು ಯಾರು?

"ಒಲೆ ಹಚ್ಚಿ," ಎಂದಳು ನನಗೆ.

ಹಚ್ಚಿದೆ. ಆ ಹಾಳು ಒಲೆ ಎಷ್ಟು ಚೆನ್ನಾಗಿ ಉರಿಯಿತು! ಒಂದು ಚೂರು ಹೊಗೆಯಿಲ್ಲ, ಮೂಲೆ ಮೂಲೆಗೂ ಹಿತವಾದ ಬಿಸಿ. ಕೆಟ್ಟ ಒಲೆಯಾಗಿದ್ದರೆ ಒದ್ದು ಬಿಸಾಕಬಹುದಿತ್ತು. ತಾಯಿ ಮಗಳ ಮೈಗೆ ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಹೊಟ್ಟೆಗೆ ಬಟ್ಟೆ ಬಿಗಿದು, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಕೂದಲು ಒಣಗಿಸಿದಳು. ಯಾವ ಬಾಣಂತಿಗೂ ಕಡಿಮೆಯಿಲ್ಲದಂತೆ, ಬಾಣಂತನದ ಅವಧಿ ಮುಗಿಯುವವರೆಗೂ ಹಾಗೇ ಮಾಡಿದಳು. ಮಗಳು ಬೊಂಬೆಯಂತೆ ಮಾಡಿಸಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಬೂದಿ ಎತ್ತುತ್ತಿದ್ದಾಗ ಅವಳಾಗಿಯೇ ಮಾತಾಡಿದಳು.

"ಅಪ್ಪಾ, ಈ ರೂಮು ರೊಂಬ ಬೆಚ್ಚಗುಂಟು ಅಲ್ಲಾ?"

"ಹೌದು ಮಗಾ."

"ಅವ್ಳಿಗೆ ಅಲ್ಲಿ ಚಳಿ ಆಗ್ತಿರ್ತದಾ ಅಪ್ಪಾ?"

ನನಗೆ ತಡೆಯಲಾಗಲಿಲ್ಲ. ಬೂದಿಯ ಕೈಯಲ್ಲೇ ಮುಖ ಮುಚ್ಚಿಕೊಂಡು ಅವಳ ಎದುರಿಗೇ ಗೊಳೋ ಎಂದು ಅತ್ತೆ. ಅವಳು ಮಂಚದಿಂದ ಇಳಿದು ಬಂದು ನನ್ನ ಬೆನ್ನು ಸವರಿದಳು. ಸಮಾಧಾನ ಮಾಡಬೇಕಾಗಿದ್ದವನು ನಾನು.

ವರ್ಷ ತಿರುಗುವ ಮೊದಲೇ ಮಗಳಿಗೆ ಚೆನ್ನೈಗೆ ವರ್ಗ ಸಿಕ್ಕಿತು. ಸಾಮಾನು ಕಟ್ಟುವಾಗ ಒಲೆಯನ್ನು ಏನು ಮಾಡುವುದೆಂದು ಯಾರೂ ಕೇಳಲಿಲ್ಲ, ಲಾರಿಯವರು ಅದನ್ನೂ ಹೇರಿಕೊಂಡರು. ಇಲ್ಲಿ ಮಗಳು ಅಳಿಯನ ಬಾಡಿಗೆ ಮನೆ ಸಣ್ಣದು. ಹಾಗಾಗಿ ಒಲೆ ನಮ್ಮ ಫ್ಲಾಟಿಗೆ ಬಂತು. ಗೋಡೆ ಕೊರೆಯುವ ಅಗತ್ಯವಿರಲಿಲ್ಲ, ಅದರ ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಹಾಕಿದೆ.

ಮೊನ್ನೆ ಒಂದು ಭಾನುವಾರ ನಮ್ಮ ಹೋಟೆಲಿನ ಹಳೆಯ ಗಿರಾಕಿಯೊಬ್ಬರು ಮನೆಗೆ ಬಂದರು. ಮೈಸೂರು ಕಡೆಯವರು, ಊಟಿಯಲ್ಲಿ ಸಣ್ಣ ಲಾಡ್ಜ್ ನಡೆಸುತ್ತಾರೆ, ಒಳ್ಳೆಯ ಮನುಷ್ಯ. ಒಲೆ ಕಂಡವರೇ ಎದ್ದು ಹೋಗಿ ಬಾಗಿಲು ತೆಗೆದು ಹಾಕಿ ನೋಡಿದರು. "ಇಂಥ ಗಟ್ಟಿ ಒಲೆನೇ ನಾನು ಹುಡುಕ್ತಾ ಇದ್ದೆ. ಇಲ್ಲಿ ತುಕ್ಕು ಹಿಡಿಯುತ್ತಲ್ಲ ಸಾರ್. ನನಗೆ ಕೊಟ್ಟುಬಿಡಿ," ಎಂದರು. ಮಗಳು ಅಂದು ನಮ್ಮಲ್ಲೇ ಇದ್ದಳು, ಊಟದ ಮೇಜಿನ ಹತ್ತಿರ ಹುರುಳಿಕಾಯಿ ಮುರಿಯುತ್ತಿದ್ದಳು. ಅಷ್ಟರಲ್ಲಿ ಹೆಂಡತಿ ಕಾಫಿ ತಂದಿಟ್ಟಳು.

"ಅದು ಕೊಡ್ಲಿಕ್ಕಿಲ್ಲ," ಎಂದಳು. "ಅದು ನಮ್ಮ ಮೊಮ್ಮಗಳದ್ದು."

ಬಾಣಂತಿಗೆ, ಮಗುವಿಗಲ್ಲ ಎಂದು ನನ್ನ ಜೊತೆ ವಾದಿಸಿದವಳು. ಮಗಳ ಕೈಯಲ್ಲಿ ಹುರುಳಿಕಾಯಿ ಹಾಗೇ ನಿಂತಿತು.

"ಓ, ಮೊಮ್ಮಗಳು ಇದ್ದಾಳಾ? ಗೊತ್ತೇ ಇರಲಿಲ್ಲ! ಎಲ್ಲಿದ್ದಾಳೆ?" ಎಂದರು ಅವರು ಖುಷಿಯಿಂದ.

"ಕೂನೂರಲ್ಲಿ," ಎಂದಳು ನನ್ನ ಮಗಳು.

ಅವರು ಕಾಫಿ ಲೋಟ ಎತ್ತಿಕೊಂಡು ಒಲೆಯನ್ನು ಇನ್ನೊಮ್ಮೆ ನೋಡಿದರು. "ಅಯ್ಯೋ, ಅಲ್ಲಿ ಆ ಪಾಟಿ ಚಳಿ. ಒಲೆ ಇಲ್ಲಿ ಯಾಕಿಟ್ಕೊಂಡಿದ್ದೀರಿ? ಮಗೂಗೆ ಕಳಿಸಬಾರದಾ?"

ಅವರು ನಮ್ಮ ಮುಖಗಳನ್ನು ನೋಡಿ, ಏನು ಅರ್ಥ ಮಾಡಿಕೊಂಡರೋ, ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.